ಊದಿ ನೋಡಿ ಕೊಟ್ಟದ್ದು

ಜನವರಿ ೧೨

ಇನ್‌ಸ್ಪೆಕ್ಟರಮ್ಮನವರಿಗೆ ಅಂಗಡಿಯಿಂದ ಅಪ್ಪ ಬರೆಯುವುದು,

ಫೋನಿನಲ್ಲಿ ನಿನ್ನ ದನಿ ತಗಡಿನ ಡಬ್ಬಿಯೊಳಗಿಂದ ಬಂದ ಹಾಗಿರುತ್ತದೆ, ಅರ್ಧ ಮಾತು ಕೇಳುವುದಿಲ್ಲ. ಐವತ್ತು ವರ್ಷ ಬ್ಯಾಂಡಿನವರ ಕ್ಲಾರಿನೆಟ್ಟು, ಟ್ರಂಪೆಟ್ಟು ರಿಪೇರಿ ಮಾಡಿದ ಕಿವಿ, ಇನ್ನೆಷ್ಟು ದುಡಿದೀತು. ಕಾಗದವಾದರೆ ನೀನು ಎಷ್ಟು ಗದರಿದರೂ ನಾನು ಚಹಾ ಕುಡಿಯುತ್ತಾ ನಿಧಾನವಾಗಿ ಗದರಿಸಿಕೊಳ್ಳಬಹುದು.

ಹೋದ ಸಲ ನೀನು ಕಿವಿ ಹಿಂಡಿ ಕಲಿಸಿದ ಪಾಠ ಒಪ್ಪಿಸುತ್ತೇನೆ, ತಪ್ಪಿದ್ದರೆ ತಿದ್ದು. ಪೀಪಿಯ ರಕ್ತದಲ್ಲಿ ಹುಟ್ಟಿನಿಂದಲೇ ಒಬ್ಬ ಕಾವಲುಗಾರ ಇಲ್ಲ. ಆ ಕೊರತೆ ನಿನ್ನಿಂದ ಅರ್ಧ, ನಿನ್ನ ಗಂಡನಿಂದ ಅರ್ಧ ಬಂದದ್ದು. ದೊಡ್ಡವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರ ಎಂಜಲಿನಲ್ಲಿ ಒಂದು ವೈರಸ್ ಇರುತ್ತದೆ, ಅದು ಇದೆ ಎಂದು ನಮಗೆ ಗೊತ್ತೂ ಆಗುವುದಿಲ್ಲ. ಪೀಪಿಯ ಮೈಗೆ ಹೋದರೆ ಮಾತ್ರ ತಡೆಯುವವರಿಲ್ಲದೆ ಬೆಳೆದು ಕ್ಯಾನ್ಸರ್ ಮಾಡಬಹುದು, ಅವಳ ಅಣ್ಣನಿಗೆ ಮಾಡಿದ ಹಾಗೆ. ಅವನಿಗೆ ಆದದ್ದೇನು ಎಂದು ತಿಳಿಯುವ ಹೊತ್ತಿಗೆ ಅವನೇ ಇರಲಿಲ್ಲ. ಬೇರೆಯವರ ಅಸ್ಥಿಮಜ್ಜೆ ಕಸಿ ಮಾಡಿದರೆ ಪೀಪಿಗೆ ಆ ಕಾವಲುಗಾರ ಸಿಗುತ್ತಾನೆ. ಅಲ್ಲಿಯವರೆಗೆ ಯಾರ ಎಂಜಲೂ ತಾಗಬಾರದು. ಸರಿಯೇ?

ಅವಳನ್ನು ನೋಡಿ ಹದಿನಾಲ್ಕು ತಿಂಗಳಾಯಿತು. ಹುಟ್ಟಿದಾಗ ಅವಳು ಅತ್ತ ಸ್ವರ ಕೇಳಿ ಪೀಪಿ ಎಂದು ಕರೆದವನು ನಾನು. ಈಗ ಆರು ವರ್ಷದವಳ ದನಿ ಹೇಗಿದೆ ಎಂದೇ ನನಗೆ ಗೊತ್ತಿಲ್ಲ. ಒಂದು ಗಂಟೆ ಸಾಕು. ಗೋಡೆಗೆ ಬೆನ್ನು ಅಂಟಿಸಿಕೊಂಡು ನಿಲ್ಲುತ್ತೇನೆ. ಬೇಕಾದರೆ ಎರಡು ಮಾಸ್ಕ್ ಹಾಕಿಸು.

ಇನ್ನೊಂದು ವಿಷಯ. ಶ್ವಾಸ ಗಟ್ಟಿಯಾಗಲೆಂದು ಆಸ್ಪತ್ರೆಯವರು ಉಂಡೆಗಳಿರುವ ಪ್ಲಾಸ್ಟಿಕ್ ಡಬ್ಬಿಯನ್ನು ಊದಲು ಕೊಟ್ಟಿದ್ದಾರೆ, ಅವಳು ಅದನ್ನು ಮಂಚದ ಕೆಳಗೆ ಬಚ್ಚಿಡುತ್ತಾಳೆ ಎಂದು ನೀನು ಬರೆದಿದ್ದೆ. ಬಚ್ಚಿಡದೆ ಏನು ಮಾಡುತ್ತಾಳೆ? ಅಷ್ಟು ಊದಿಯೂ ಒಂದು ಸ್ವರ ಬರುವುದಿಲ್ಲ, ಗಾಳಿ ದಂಡ. ಗೇಣುದ್ದದ ಒಂದು ಬಾಯಿಕೊಳಲು ಮಾಡುತ್ತೇನೆ. ಮರದ್ದಾದರೆ ಕುದಿಸಿದಾಗ ಸೀಳುತ್ತದೆ, ಆದ್ದರಿಂದ ಹಿತ್ತಾಳೆ. ನೀನು ಎಷ್ಟು ಹೊತ್ತು ಬೇಕಾದರೂ ಕುದಿಸಿಕೊ. ಸ್ವರ ತಪ್ಪಿದ ವಾದ್ಯ ಒಂದೂ ನನ್ನ ಕೈಯಿಂದ ಹೊರಗೆ ಹೋಗಿಲ್ಲ, ಮೊಮ್ಮಗಳದ್ದು ಹೋಗುತ್ತದೆಯೇ?

ಹೂಂ ಅನ್ನು.

ನಿನ್ನ ಅಪ್ಪ


ಜನವರಿ ೨೬

ಅಪ್ಪ,

ಪಾಠದಲ್ಲಿ ಒಂದು ತಪ್ಪಿದೆ. ಎಂಜಲು ತಾಗಬಾರದು ಎಂದಲ್ಲ, ಎಂಜಲಿನ ಹತ್ತಿರ ಸುಳಿದದ್ದು ಯಾವುದೂ ತಾಗಬಾರದು. ಲೋಟ, ತಟ್ಟೆ, ಟವೆಲ್ಲು, ಕೆಮ್ಮುವಾಗ ಬಾಯಿಗೆ ಅಡ್ಡ ಹಿಡಿದ ಕೈ. ಅವಳ ಪಾತ್ರೆಗಳಿಗೆ ನೀಲಿ ಬಣ್ಣ ಬಳಿದು ಬೇರೆ ಗೂಡಿನಲ್ಲಿಟ್ಟಿದ್ದೇನೆ. ನಮ್ಮವರು ಬಸ್ ಓಡಿಸಿ ಬಂದವರು ಹಿಂದಿನ ಬಾಗಿಲಲ್ಲೇ ಬಟ್ಟೆ ಬದಲಿಸಿ, ಬಾಯಿ ತೊಳೆದು, ಮಾಸ್ಕ್ ಹಾಕಿಕೊಂಡೇ ಒಳಗೆ ಬರಬೇಕು. ಹೆತ್ತ ಮಗಳಿಗೆ ಒಂದು ಮುತ್ತು ಕೊಟ್ಟು ಅವರಿಗೆ ಮೂರು ವರ್ಷವಾಯಿತು. ಕೇಳಿದರೆ ಅಭ್ಯಾಸವಾಗಿದೆ ಎನ್ನುತ್ತಾರೆ.

ಕಾರ್ಖಾನೆಯಲ್ಲಿ ನನ್ನನ್ನು ಯಾಕೆ ತಪಾಸಣೆಯ ಮೇಜಿಗೆ ಹಾಕಿದ್ದರು ಗೊತ್ತಲ್ಲ. ನೂರು ಅಂಗಿಯಲ್ಲಿ ಒಂದು ಹೊಲಿಗೆ ಜಾರಿದ್ದರೂ ಬೆರಳಿಟ್ಟು ತೋರಿಸುತ್ತಿದ್ದೆ, ಹೊಲಿದವಳು ಅತ್ತರೂ ಬಿಡುತ್ತಿರಲಿಲ್ಲ. ಈಗ ಆ ಕೆಲಸ ಬಿಟ್ಟು ಇಡೀ ಮನೆಯನ್ನೇ ತಪಾಸಣೆ ಮಾಡುತ್ತಿದ್ದೇನೆ. ನೀನು ನಗು, ನನಗೇನೂ ಇಲ್ಲ.

ಒಳ್ಳೆಯ ಸುದ್ದಿ ಇದೆ. ಮಜ್ಜೆ ಕೊಡುವವರು ಒಬ್ಬರು ಸಿಕ್ಕಿದ್ದಾರೆ. ಹೊಂದಿಕೆ ನೋಡಲು ಮಾರ್ಚ್ ಆರರಂದು ಮತ್ತೊಮ್ಮೆ ರಕ್ತ ತೆಗೆಯುತ್ತಾರೆ, ಎಲ್ಲ ಕೂಡಿಬಂದರೆ ಮೇ ತಿಂಗಳಲ್ಲಿ ಕಸಿ. ವೈರಸ್ ಇದೆಯೇ ಎಂದು ಎರಡು ತಿಂಗಳಿಗೊಮ್ಮೆ ನೋಡುತ್ತಾರೆ. ಇದುವರೆಗೆ ಇಲ್ಲ. ಮೇ ತಿಂಗಳವರೆಗೆ ಇಲ್ಲ ಎನಿಸಿಕೊಂಡರೆ ಸಾಕು, ಆಮೇಲೆ ನಾನು ಒಂದು ವಾರ ಮಲಗಿ ನಿದ್ದೆ ಮಾಡುತ್ತೇನೆ.

ಮಾರ್ಚ್ ಇಪ್ಪತ್ತಕ್ಕೆ ಬಾ. ಒಂದು ಗಂಟೆ. ನೆಲಕ್ಕೆ ಹಳದಿ ಟೇಪು ಅಂಟಿಸಿರುತ್ತೇನೆ, ದಾಟಬಾರದು. ಕೊಳಲನ್ನು ಇಲ್ಲೇ, ನನ್ನ ಪಾತ್ರೆಯಲ್ಲಿ, ನನ್ನ ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಕುದಿಸಬೇಕು. ಅವಳು ಆಗಲೇ ದಿನ ಎಣಿಸುತ್ತಿದ್ದಾಳೆ.

ಮಗಳು


ಮಾರ್ಚ್ ೨೪

ಮಗಳೇ,

ಸುಖವಾಗಿ ಬಂದು ಸೇರಿದೆ. ನಾಲ್ಕು ದಿನವಾದರೂ ಅಂಗಡಿಯಲ್ಲಿ ಕೆಲಸ ಸಾಗುತ್ತಿಲ್ಲ, ಸ್ಕ್ರೂ ಡ್ರೈವರ್ ಹಿಡಿದುಕೊಂಡು ಸುಮ್ಮನೆ ನಗುತ್ತಾ ಕೂತಿರುತ್ತೇನೆ. ಟ್ರಂಪೆಟ್ಟಿನವನು ಬಂದು ನೋಡಿ, ಏನು ಯಜಮಾನರೇ ಮದುವೆ ಗೊತ್ತಾಯಿತೇ ಎಂದು ಕೇಳಿದ.

ಎಷ್ಟು ಎತ್ತರವಾಗಿದ್ದಾಳೆ! ಹಳದಿ ಟೇಪಿನ ಆಚೆ ಕಾಲು ಮಡಚಿ ಕೂತು, ಇಂಜಿನಿಯರ್ ಹಾಗೆ ಪ್ರಶ್ನೆ ಕೇಳಿದಳು. "ಅಜ್ಜ, ಊದಿದ್ ಗಾಳಿ ಆಮೇಲೆ ಎಲ್ಲಿಗೆ ಹೋಗುತ್ತೆ?" ಈ ಐವತ್ತು ವರ್ಷದಲ್ಲಿ ಒಬ್ಬ ಬ್ಯಾಂಡಿನವನೂ ಅದನ್ನು ಕೇಳಿರಲಿಲ್ಲ. ಕಿಟಕಿಯಿಂದ ಹೊರಗೆ ಹೋಗುತ್ತೆ ಎಂದೆ. ಹಾಗಾದರೆ ತನಗಿಂತ ಅದೇ ಹೆಚ್ಚು ಊರು ಸುತ್ತುತ್ತೆ ಎಂದಳು. ನಿನ್ನ ನಾಲಿಗೆ ಅವಳಿಗೆ ಬಂದಿದೆ, ಜಾಗ್ರತೆ.

ಮನೆ ಕಂಡು ಹೆದರಿಕೆಯೇ ಆಯಿತು ನನಗೆ. ಹೊಸಿಲಿನಲ್ಲಿ ಸೋಪು, ಬಾಗಿಲ ಹಿಡಿಕೆಗೆ ಔಷಧಿಯ ವಾಸನೆ, ಗೂಡಿನ ತುಂಬ ನೀಲಿ ಬಳಿದ ಪಾತ್ರೆ. ನಿನ್ನ ಕೈ ನೋಡಿದೆ. ತೊಳೆದು ತೊಳೆದು ಬೆರಳ ಸಂದಿಯಲ್ಲೆಲ್ಲ ಸೀಳು ಬಿಟ್ಟಿದೆ. ಅದಕ್ಕೆ ಏನಾದರೂ ಹಚ್ಚಿಕೊ.

ನೀನು ಔಷಧಿ ಅಂಗಡಿಯವನು ಬಂದನೆಂದು ಬಾಗಿಲಿಗೆ ಹೋಗಿದ್ದೆಯಲ್ಲ, ಆಗ ಮೊದಲ ಸ್ವರ ಬಂತು. ನೀನು ಓಡಿಬಂದು, ಅಬ್ಬ ಎಷ್ಟು ಶುದ್ಧವಾಗಿ ಊದಿದಳು ಎಂದೆ. ಹದಿನಾರು ತಿಂಗಳ ಮೇಲೆ ನೀನು ನಕ್ಕದ್ದನ್ನು ಕಂಡೆ. ಅಷ್ಟು ಹೊತ್ತು ನಾನು ಬೇರೇನೂ ಯೋಚಿಸಲಿಲ್ಲ.

ಮೇ ತಿಂಗಳು ಬೇಗ ಬರಲಿ.

ಅಪ್ಪ


ಏಪ್ರಿಲ್ ೯

ಅಪ್ಪ,

ಏಪ್ರಿಲ್ ಮೂರರ ರಕ್ತದಲ್ಲಿ ವೈರಸ್ ಇದೆ. ಸ್ವಲ್ಪ ಅಲ್ಲ, ತುಂಬ ಇದೆ. ಮೂರು ದಿನದಿಂದ ಜ್ವರ. ಕಸಿಯ ದಿನ ತೆಗೆದುಹಾಕಿದ್ದಾರೆ.

ಫೆಬ್ರವರಿ ಎರಡಕ್ಕೆ ಇರಲಿಲ್ಲ. ಈ ಎರಡು ತಿಂಗಳಲ್ಲಿ ಹೊರಗಿನಿಂದ ಈ ಮನೆಯೊಳಗೆ ಬಂದವನು ನೀನೊಬ್ಬನೇ. ನಾನು ಬಾಗಿಲಿಗೆ ಹೋಗಿದ್ದ ಆ ಐದು ನಿಮಿಷ ಏನಾಯಿತು, ಒಂದೊಂದನ್ನೂ ಬರೆ. ಯಾವುದನ್ನೂ ಚಿಕ್ಕದು ಎಂದು ಬಿಡಬೇಡ.

ಮಗಳು


ಏಪ್ರಿಲ್ ೧೫

ಮಗಳೇ,

ಬರೆಯುತ್ತೇನೆ. ನೀನು ಕೇಳದಿದ್ದರೂ ಬರೆಯಬೇಕಿತ್ತು. ಬಂದ ದಿನವೇ ಹೇಳಬೇಕಿತ್ತು, ಧೈರ್ಯ ಸಾಲಲಿಲ್ಲ.

ಇಪ್ಪತ್ತು ನಿಮಿಷ ಕುದಿಸಿದ ಮೇಲೆ ನೀನು ಇಕ್ಕಳದಿಂದ ಕೊಳಲನ್ನು ಎತ್ತಿ, ತೊಳೆದಿಟ್ಟ ಬಟ್ಟೆಯ ಮೇಲೆ ಹಾಕಿ ಬಾಗಿಲಿಗೆ ಹೋದೆ. ನಾನು ಕೈ ತೊಳೆದೇ ಅದನ್ನು ಎತ್ತಿಕೊಂಡೆ. ಬಿಸಿಗೆ ಊದುವ ತುದಿಯ ಒಳಗಿನ ಬೆಣೆ ಒಂದು ಕೂದಲಿನಷ್ಟು ಸರಿದಿತ್ತು. ಅಂಗಡಿಯಲ್ಲಿ ಮಾಡುವ ಹಾಗೆ ಹೆಬ್ಬೆರಳಿನಿಂದ ಒತ್ತಿ ಕೂರಿಸಿದೆ. ಕೂರಿಸಿದ ಮೇಲೆ ಊದಿ ನೋಡಬೇಕು. ಐವತ್ತು ವರ್ಷದಿಂದ ಅದೇ ಕ್ರಮ: ಕೂರಿಸು, ಊದು, ಒರೆಸು, ಕೊಡು. ನನ್ನ ತುಟಿ ತಾಗದ ವಾದ್ಯ ಯಾವುದೂ ಗಿರಾಕಿಯ ಕೈಗೆ ಹೋಗಿಲ್ಲ. ಮಾಸ್ಕನ್ನು ಯಾವಾಗ ಕೆಳಗೆ ಎಳೆದೆ ಎಂದು ನನಗೆ ನೆನಪೇ ಇಲ್ಲ. ಸ್ವರ ಕೇಳಿದ ಮೇಲೆಯೇ ನಾನು ಎಲ್ಲಿದ್ದೇನೆ ಎಂದು ತಿಳಿದದ್ದು.

ನೀನು ಓಡಿಬಂದು ಕೇಳಿದೆಯಲ್ಲ, ಅದು ಪೀಪಿಯ ಸ್ವರವಲ್ಲ. ನನ್ನದು. ಅವಳು ಟೇಪಿನ ಆಚೆಯಿಂದ ಕೈ ಚಾಚಿದಳು. ನೀನು ಬರುವಷ್ಟರಲ್ಲಿ ನಾನು ಮಾಸ್ಕ್ ಏರಿಸಿ, ಬಟ್ಟೆಯಲ್ಲಿ ಒರೆಸಿ ಕೊಟ್ಟಾಗಿತ್ತು. ಒರೆಸಿದರೆ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ನೀನು ನಗುತ್ತಿದ್ದೆ, ಅವಳು ನಗುತ್ತಿದ್ದಳು, ನಾನೂ ಮಾಸ್ಕಿನೊಳಗೆ ನಕ್ಕುಬಿಟ್ಟೆ.

ಒರೆಸಿದ್ದು ಸಾಕಾಗಲಿಲ್ಲ, ಅಲ್ಲವೇ.

ನಾನು ಏನು ಮಾಡಬೇಕು ಹೇಳು. ನನ್ನ ಮಜ್ಜೆ, ನನ್ನ ರಕ್ತ, ಯಾವುದಾದರೂ ಉಪಯೋಗಕ್ಕೆ ಬರುತ್ತದೆಯೇ ಕೇಳು.

ಅಪ್ಪ


ಏಪ್ರಿಲ್ ೨೨

ನಿಮಗೆ,

ನಿಮ್ಮ ಕಾಗದವನ್ನು ನಮ್ಮವರಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಲಿಲ್ಲ.

ಮೂರು ವರ್ಷ ಅವರು ಮಗಳನ್ನು ಮುದ್ದಿಸಲಿಲ್ಲ. ನಾನು ಮಾಸ್ಕ್ ಇಲ್ಲದೆ ಅವಳ ಪಕ್ಕ ಮಲಗಿಲ್ಲ. ಅವಳು ಬೇರೆ ಮಕ್ಕಳ ಜೊತೆ ಒಂದು ದಿನವೂ ಆಡಿಲ್ಲ, ಕಿಟಕಿಯಲ್ಲಿ ನಿಂತು ಅವರ ಆಟಕ್ಕೆ ನಿಯಮ ಹೇಳಿಕೊಡುತ್ತಾಳೆ. ಇಷ್ಟನ್ನೆಲ್ಲ ಮೂರು ಜನ ಸೇರಿ ಕಟ್ಟಿದೆವು. ನೀವು ಒಂದು ಗಂಟೆ ಬಂದು ಊದಿ ಹೋದಿರಿ.

ಅಮ್ಮ ಹೇಳುತ್ತಿದ್ದಳು, ನಿನ್ನಪ್ಪನ ಬಾಯಿ ವಾದ್ಯಕ್ಕೆ ಮಾತ್ರ, ಮನೆಯವರ ಜೊತೆ ಮಾತಾಡಲಿಕ್ಕಲ್ಲ ಎಂದು. ನಾನು ನಿಮ್ಮ ಪಕ್ಷ ವಹಿಸಿ ಅವಳ ಮೇಲೆ ಸಿಟ್ಟಾಗುತ್ತಿದ್ದೆ. ಈಗ ಅವಳಿದ್ದಿದ್ದರೆ ಕಾಲು ಹಿಡಿದುಕೊಳ್ಳುತ್ತಿದ್ದೆ. ಮೊದಲನೆಯವನು ಹೋದಾಗ ಬಯ್ಯಲು ಯಾರೂ ಇರಲಿಲ್ಲ, ಯಾರಿಗೂ ಏನೂ ಗೊತ್ತಿರಲಿಲ್ಲ. ಈ ಸಲ ಎಲ್ಲ ಗೊತ್ತಿತ್ತು. ಪಾಠ ಒಪ್ಪಿಸಿದ್ದಿರಿ. ಒಪ್ಪಿಸಿಯೂ ಮಾಡಿದಿರಿ.

ಇನ್ನು ಈ ಮನೆಗೆ ಬರಬೇಡಿ. ಮಗುವಿಗೆ ಕಾಗದ ಬರೆಯಬೇಡಿ, ನಿಮ್ಮ ಕೈ ಮುಟ್ಟಿದ ಯಾವುದೂ ಅವಳಿಗೆ ಬೇಡ.

ಕೊಳಲನ್ನು ನಮ್ಮವರು ಬಸ್ಸಿನ ಚಕ್ರದ ಕೆಳಗಿಟ್ಟು ಚಪ್ಪಟೆ ಮಾಡಿ ತಂದರು. ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ನಿಮ್ಮದು ರಿಪೇರಿ ಅಂಗಡಿಯಲ್ಲವೇ, ರಿಪೇರಿ ಮಾಡಿ.

ನಿಮ್ಮ ಮಗಳಾಗಿ ಹುಟ್ಟಿದವಳು


ಮೇ ೨೦

ಮಗಳೇ,

ನಾನು ಬರೆದ ಎರಡು ಕಾಗದಕ್ಕೆ ಉತ್ತರ ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ಆದರೂ ಅಂಚೆಯವನು ಬರುವ ಹೊತ್ತಿಗೆ ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ.

ಕೊಳಲು ರಿಪೇರಿ ಆಗುವಂಥದ್ದಲ್ಲ. ಹಿತ್ತಾಳೆ ಮಡಿಕೆಯಲ್ಲಿ ಬಿರುಕು ಬಿಟ್ಟಿದೆ. ನೀನು ಅದನ್ನು ಕೇಳಿದ್ದಲ್ಲ ಎಂದು ಗೊತ್ತು, ಆದರೂ ಮೂರು ದಿನ ಪ್ರಯತ್ನ ಮಾಡಿದೆ.

ಅಂಗಡಿ ಮುಚ್ಚಿದ್ದೇನೆ. ಊದದೆ ಈ ಕೆಲಸ ಮಾಡಲು ಬರುವುದಿಲ್ಲ, ಊದಲು ನನ್ನಿಂದಾಗುವುದಿಲ್ಲ. ಹೋದ ವಾರ ಟ್ರಂಪೆಟ್ಟಿನವನು ಬಲವಂತ ಮಾಡಿ ಕೈಗೆ ಕೊಟ್ಟ. ಬಾಯಿಯ ಹತ್ತಿರ ತಂದದ್ದೇ ನೆಲಕ್ಕೆ ಹಾಕಿಬಿಟ್ಟೆ. ಅವನು ಎತ್ತಿಕೊಂಡು ಹೋದ. ಬೆಳಿಗ್ಗೆ ಕನ್ನಡಿಯಲ್ಲಿ ನನ್ನ ಬಾಯಿ ಕಂಡರೆ ಮುಖ ತಿರುಗಿಸುತ್ತೇನೆ. ಹಲ್ಲುಜ್ಜುವುದೂ ಕಣ್ಣು ಮುಚ್ಚಿಕೊಂಡೇ.

ನೀನು ನನ್ನನ್ನು ನೀವು ಎಂದು ಬರೆದಿದ್ದೆ. ಬಯ್ದದ್ದೆಲ್ಲ ನನಗೆ ಸಲ್ಲಬೇಕಾದದ್ದೇ, ತಲೆ ಬಗ್ಗಿಸಿ ಓದಿದೆ. ಆ ಒಂದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

ಪೀಪಿ ಹೇಗಿದ್ದಾಳೆ? ಒಂದೇ ಸಾಲು ಬರೆ.

ಅಪ್ಪ


ಜೂನ್ ೨

ಕುತ್ತಿಗೆಯ ಗ್ರಂಥಿಗಳು ಊದಿಕೊಂಡಿವೆ. ತುಂಡು ತೆಗೆದು ನೋಡಿದರು. ಕ್ಯಾನ್ಸರ್. ಅವಳ ಅಣ್ಣನಿಗಿದ್ದದ್ದೇ. ಆಸ್ಪತ್ರೆಗೆ ಸೇರಿಸಿದ್ದೇವೆ.

ಒಂದು ಸಾಲು ಕೇಳಿದಿರಿ, ನಾಲ್ಕಕ್ಕಿಂತ ಹೆಚ್ಚೇ ಬರೆದಿದ್ದೇನೆ.


ಜೂನ್ ೨೩

ಮಗಳೇ,

ಬರಬೇಡ ಎಂದದ್ದು ಮನೆಗೆ. ಆಸ್ಪತ್ರೆಯ ಬೀದಿಗೆ ಹೇಳಿರಲಿಲ್ಲ ಎಂದು ಕಳ್ಳ ಲೆಕ್ಕ ಹಾಕಿ ಬಂದಿದ್ದೆ. ಮೊನ್ನೆ ಮಧ್ಯಾಹ್ನ ಗೇಟಿನ ಎದುರಿನ ಬೆಂಚಿನಲ್ಲಿ ಮೂರು ಗಂಟೆ ಕೂತಿದ್ದೆ. ಮಕ್ಕಳ ವಿಭಾಗ ನಾಲ್ಕನೇ ಮಹಡಿ ಎಂದು ಕಾವಲಿನವನು ಹೇಳಿದ. ಯಾವ ಕಿಟಕಿ ಎಂದು ಗೊತ್ತಿಲ್ಲದೆ ಹನ್ನೆರಡಕ್ಕೂ ಕೈ ಬೀಸಿದೆ. ಒಂದರಲ್ಲಿ ಯಾವುದೋ ಮಗು ತಿರುಗಿ ಬೀಸಿತು, ಅದು ಪೀಪಿಯಲ್ಲ. ನಿನ್ನ ಗಂಡ ಗೇಟಿನಿಂದ ಹೊರಬಂದರು. ನನ್ನನ್ನು ನೋಡಿದರು. ನಾನು ಎದ್ದು ನಿಂತೆ. ಕೈಯಲ್ಲಿದ್ದ ಬ್ರೆಡ್ಡಿನ ಪೊಟ್ಟಣವನ್ನು ಕಸದ ಡಬ್ಬಿಗೆ ಎಸೆದು ತಿರುಗಿ ಒಳಗೆ ಹೋದರು. ನನ್ನಿಂದ ಅವರ ಊಟವೂ ಹೋಯಿತು.

ಒಂದೇ ಒಂದು ಸಲ ಅವಳನ್ನು ನೋಡಲು ಬಿಡು. ಗಾಜಿನ ಆಚೆಯಿಂದ. ಬಾಯಿಗೆ ಪಟ್ಟಿ ಹಾಕಿಸಿಕೊಂಡು ಬರುತ್ತೇನೆ. ತಪ್ಪಾಯಿತು ಎಂದು ಅವಳಿಗೆ ಹೇಳಬೇಕು, ಅಷ್ಟೇ.

ಅಪ್ಪ


ಜುಲೈ ೩

ಮಾನ್ಯರೇ,

ಹಾಸಿಗೆ ಹನ್ನೊಂದರ ಮಗುವಿನ ತಾಯಿಯಾದ ನೀವು ಕೇಳಿದ ಎರಡು ಪ್ರಶ್ನೆಗೆ ಬರಹದಲ್ಲೇ ಉತ್ತರ ಕೊಡುತ್ತೇನೆ ಎಂದಿದ್ದೆ. ನಿಮ್ಮ ಇಚ್ಛೆಯಂತೆ ಈ ಪತ್ರವನ್ನು ದಾದಿಯ ಮೂಲಕ ನಿಮ್ಮ ಕೈಗೇ ತಲುಪಿಸುತ್ತಿದ್ದೇನೆ.

ಮೊದಲನೆಯದು. ಮಾರ್ಚ್ ೨೦ರಂದು ಸೋಂಕು ತಗುಲಿದ್ದರೆ ಏಪ್ರಿಲ್ ೩ಕ್ಕೆ ರಕ್ತದಲ್ಲಿ ಅಷ್ಟು ಹೆಚ್ಚು ವೈರಸ್ ಕಾಣಿಸುವುದು ಕಷ್ಟ ಎಂದು ನನಗೆ ಮೊದಲಿನಿಂದಲೂ ಅನುಮಾನವಿತ್ತು. ದಾನಿಯ ಹೊಂದಿಕೆ ನೋಡಲೆಂದು ಮಾರ್ಚ್ ೬ರಂದು ತೆಗೆದ ರಕ್ತದಲ್ಲಿ ಸ್ವಲ್ಪವನ್ನು ಶೀತಲಗೃಹದಲ್ಲಿ ಉಳಿಸಿದ್ದೆವು. ಅದನ್ನು ಈಗ ವೈರಸ್ಸಿಗಾಗಿ ಪರೀಕ್ಷಿಸಿದ್ದೇವೆ. ವೈರಸ್ ಅದರಲ್ಲೂ ಇದೆ. ಅಂದರೆ ನಿಮ್ಮ ತಂದೆ ಬರುವುದಕ್ಕೆ ಹದಿನಾಲ್ಕು ದಿನ ಮೊದಲೇ ಮಗುವಿಗೆ ಸೋಂಕಾಗಿತ್ತು. ಇದು ಅವರಿಂದ ಬಂದದ್ದಲ್ಲ. ಇದರಲ್ಲಿ ಅನುಮಾನಕ್ಕೆ ಜಾಗವಿಲ್ಲ.

ಎರಡನೆಯದು. ಜನವರಿಯಲ್ಲಿ ಬದಲಾಯಿಸಿದ ಕಹಿ ಔಷಧಿಯನ್ನು ಮಗು ಕುಡಿಯಲೆಂದು ನೀವು ಚಮಚವನ್ನು ಮೊದಲು ನಿಮ್ಮ ನಾಲಿಗೆಗೆ ತಾಗಿಸಿ ತೋರಿಸುತ್ತಿದ್ದುದಾಗಿ ಹೇಳಿದಿರಿ. ಹೌದು, ಹಾಗೆ ಹರಡಬಹುದು. ಹಾಗೆಯೇ ಹರಡಿತು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಮನೆಯ ಮೂವರಲ್ಲಿ ಬೇರೆ ದಾರಿ ನಮಗೆ ಕಂಡಿಲ್ಲ. ದಯವಿಟ್ಟು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಈ ವೈರಸ್ಸನ್ನು ಹೊರಗಿಡಲು ನೀವು ಮಾಡಿದಷ್ಟನ್ನು ಮಾಡಿದ ತಾಯಿಯನ್ನು ನಾನು ಕಂಡಿಲ್ಲ.

ನಿಮ್ಮ ತಂದೆ ಅಂಗಡಿ ಮುಚ್ಚಿ ಕೂತಿದ್ದಾರೆಂದು ಹೇಳಿದ್ದಿರಿ. ಇಂದೇ ಅವರಿಗೆ ತಿಳಿಸಿ. ಅವರು ಬಂದು ಮಗುವನ್ನು ನೋಡುವುದಕ್ಕೆ ನಮ್ಮ ಅಡ್ಡಿಯಿಲ್ಲ. ಅವಳು ಪ್ರತಿದಿನ ಅಜ್ಜ ಯಾವಾಗ ಬರುತ್ತಾರೆ ಎಂದು ದಾದಿಯರನ್ನು ಕೇಳುತ್ತಾಳೆ. ಚಿಕಿತ್ಸೆಗೆ ನಾವು ಬಯಸಿದಷ್ಟು ಫಲ ಸಿಗುತ್ತಿಲ್ಲ, ಆದ್ದರಿಂದ ತಡ ಮಾಡಬೇಡಿ.

ರಕ್ತರೋಗ ವಿಭಾಗದ ವೈದ್ಯೆ


ಜುಲೈ ೮

ಡಾಕ್ಟರ್,

ನಿಮ್ಮ ಪತ್ರ ಓದಿ ಹರಿದು ಸಿಂಕಿನಲ್ಲಿ ಹಾಕಿದೆ. ಈ ಪತ್ರವನ್ನು ನೀವೂ ಹಾಗೇ ಮಾಡಿ.

ಔಷಧಿಯನ್ನು ನಾನು ಎಂಜಲಿನ ಲೆಕ್ಕದಲ್ಲಿ ಹಿಡಿಯಲೇ ಇಲ್ಲ. ಊಟದ ಚಮಚಕ್ಕೆ ನೀಲಿ ಬಣ್ಣ ಬಳಿದಿದ್ದೆ. ಔಷಧಿಯ ಚಮಚ ಸೀಸೆಯ ಜೊತೆ ಬಂದದ್ದು, ಅದಕ್ಕೆ ಬಳಿದಿರಲಿಲ್ಲ. ಔಷಧಿ ನಮ್ಮ ಕಡೆಯದು ಎಂದುಕೊಂಡಿದ್ದೆ. ಅವಳು ಹಲ್ಲು ಕಚ್ಚಿಕೊಂಡು ಕೂತರೆ, "ನೋಡು, ಅಮ್ಮನೂ ಕುಡಿದ್ಲು, ಏನಾಯ್ತು?" ಅಂತ ನಾಲಿಗೆ ಚಾಚಿ ತೋರಿಸುತ್ತಿದ್ದೆ. ಅವಳು ನಕ್ಕು ಬಾಯಿ ತೆರೆಯುತ್ತಿದ್ದಳು. ದಿನಕ್ಕೆ ಎರಡು ಸಲ. ನೂರು ಅಂಗಿಯಲ್ಲಿ ಒಂದು ತಪ್ಪು ಹುಡುಕುತ್ತಿದ್ದವಳು ನಾನು.

ನಮ್ಮವರಿಗೆ ಇದು ತಿಳಿಯಬಾರದು. ಅವರು ಮಗಳ ಮಂಚದ ಪಕ್ಕ ಕೂತು ಮಾವನನ್ನು ಬಯ್ಯುತ್ತಾರೆ, ಬಯ್ದು ಮುಗಿದ ಮೇಲೆ ಎರಡು ತುತ್ತು ತಿನ್ನುತ್ತಾರೆ. ಆ ಬೈಗುಳ ನನ್ನ ಕಡೆ ತಿರುಗಿದರೆ ನಮ್ಮಲ್ಲಿ ಯಾರೂ ಉಳಿಯುವುದಿಲ್ಲ.

ಅಪ್ಪನಿಗೂ ಹೇಳುವುದಿಲ್ಲ. ಅವರಿಗೆ ಎಪ್ಪತ್ತೊಂದು. ಹೊರಬೇಕಾದದ್ದು ಐದು ವರ್ಷ, ಹೆಚ್ಚೆಂದರೆ ಹತ್ತು. ನನಗೆ ಮೂವತ್ತನಾಲ್ಕು. ಈಗಾಗಲೇ ಅವರು ಅದನ್ನು ಹೆಗಲಿಗೆ ಹಾಕಿಕೊಂಡಿದ್ದಾರೆ, ಅವರಿಗೆ ಅಭ್ಯಾಸವೂ ಆಗಿದೆ. ಇಳಿಸಿ ನನ್ನ ಮೇಲೆ ಹೊರಿಸಿಕೊಳ್ಳುವಷ್ಟು ದೊಡ್ಡವಳಲ್ಲ ನಾನು.

ಅವರು ಬರುವುದೂ ಬೇಡ. ಅವರ ಮುಖ ಕಂಡರೆ ನನ್ನ ಬಾಯಿಂದ ನಿಜ ಬಂದುಬಿಡುತ್ತದೆ. ಮಗುವಿಗೆ ಅಜ್ಜನಿಗೆ ಹುಷಾರಿಲ್ಲ ಎಂದು ಹೇಳಿದ್ದೇನೆ, ದಾದಿಯರೂ ಅದನ್ನೇ ಹೇಳಲಿ. ತಂದೆತಾಯಿ ಬಿಟ್ಟು ಬೇರೆ ಯಾರಿಗೂ ಫೈಲಿನ ಮಾತು ಹೋಗುವುದಿಲ್ಲ ಎಂದು ಮೊದಲ ದಿನ ನೀವೇ ಸಹಿ ಮಾಡಿಕೊಟ್ಟಿದ್ದೀರಿ.

ಹಾಸಿಗೆ ಹನ್ನೊಂದರ ತಾಯಿ


ಜುಲೈ ೧೨

ಮಾನ್ಯರೇ,

ನನ್ನ ಸಹಿಯನ್ನು ನಾನು ಮೀರುವುದಿಲ್ಲ. ನಿಮ್ಮ ಪತಿ ನೇರವಾಗಿ ಕೇಳಿದರೆ ಮಾತ್ರ ಸುಳ್ಳು ಹೇಳಲಾರೆ. ಅವರು ಇದುವರೆಗೆ ಕೇಳಿಲ್ಲ, ಕೇಳುವಂತೆಯೂ ಕಾಣುವುದಿಲ್ಲ.

ಮಗು ಇಂದು ಮತ್ತೆ ಅಜ್ಜನನ್ನು ಕೇಳಿದಳು. ಅವರಿಗೆ ಹುಷಾರಿಲ್ಲ ಎಂದು ದಾದಿ ಹೇಳಿದಳು. ಹಾಗಾದರೆ ತನ್ನ ಔಷಧಿಯಲ್ಲಿ ಅರ್ಧ ಅವರಿಗೆ ಕೊಡಿ ಎಂದಳಂತೆ. ಇದು ನಿಮಗೆ ತಿಳಿದಿರಲಿ ಎಂದು ಬರೆದಿದ್ದೇನೆ.

ವೈದ್ಯೆ


ಆಗಸ್ಟ್ ೩

ನಿಮಗೆ,

ಮೇಲಿಂದ ಮೇಲೆ ಕಾಗದ ಹಾಕಬೇಡಿ. ಮಗು ನಿಮ್ಮನ್ನು ಕೇಳುತ್ತಿಲ್ಲ, ನೆನಪೂ ಕಡಿಮೆಯಾಗಿದೆ. ಈಗ ಬಂದು ನೆನಪು ಮಾಡಿಸಿ ಅವಳಿಗೆ ಸಂಕಟ ಕೊಡಬೇಡಿ. ಗೇಟಿನ ಹತ್ತಿರವೂ ಬರಬೇಡಿ.


ಸೆಪ್ಟೆಂಬರ್ ೧೬

ಅಪ್ಪ,

ಪೀಪಿ ಈ ತಿಂಗಳು ನಾಲ್ಕಕ್ಕೆ ಹೋದಳು. ಬೆಳಿಗ್ಗೆ ಹತ್ತು ಗಂಟೆಗೆ, ನಾವಿಬ್ಬರೂ ಪಕ್ಕದಲ್ಲಿದ್ದೆವು. ಮರುದಿನವೇ ಎಲ್ಲ ಮುಗಿಸಿದೆವು. ನಿನಗೆ ತಿಳಿಸಲು ಹನ್ನೆರಡು ದಿನ ಬೇಕಾಯಿತು. ನಮ್ಮವರು ಈಗಲೂ ತಿಳಿಸುವುದು ಬೇಡ ಎನ್ನುತ್ತಾರೆ.

ಕೊನೆಯ ವಾರ ಅವಳು ಎರಡು ಸಲ ನಿನ್ನನ್ನು ಕೇಳಿದಳು. ಅದನ್ನು ನಿನಗೆ ಹೇಳಬೇಕೆನಿಸಿತು.

ಈ ಕೆಲವು ದಿನ ತುಂಬ ಯೋಚಿಸಿದೆ. ನೀನು ಬೇಕೆಂದು ಮಾಡಿದ್ದಲ್ಲ. ಕೈಗೆ ಅಂಟಿದ ಅಭ್ಯಾಸ, ಅದು ಪ್ರೀತಿಯಲ್ಲೇ ಆದದ್ದು. ಅಂಥದ್ದಕ್ಕೆ ಮನುಷ್ಯರನ್ನು ಸಾಯುವವರೆಗೆ ಶಿಕ್ಷಿಸಬಾರದು ಎಂದು ನನಗೆ ಈಗ ಅನ್ನಿಸುತ್ತದೆ. ಅಪ್ಪ, ನಾನು ನಿನ್ನನ್ನು ಕ್ಷಮಿಸಿದ್ದೇನೆ.

ಒಂದೇ ಮಾತು ಕೇಳುತ್ತೇನೆ. ಇನ್ನು ಈ ವಿಷಯ ಎತ್ತಬೇಡ. ಹೇಗಾಯಿತು, ಯಾವ ದಿನ ಆಯಿತು ಎಂದು ಯಾರನ್ನೂ ವಿಚಾರಿಸಬೇಡ, ಆಸ್ಪತ್ರೆಗೂ ಬರೆಯಬೇಡ. ನಾವಿಬ್ಬರೂ ಇಲ್ಲಿಗೆ ಮುಗಿಸೋಣ.

ನಿನ್ನ ಮಗಳು


ಸೆಪ್ಟೆಂಬರ್ ೨೫

ನನ್ನ ತಾಯಿಯಂಥ ಮಗಳೇ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಮೊದಲ ಸಲ ಪೀಪಿಯ ಸಾಲಿನಿಂದ ಮುಂದೆ ಹೋಗಲಾಗಲಿಲ್ಲ. ಕಾಗದ ಮಡಚಿಟ್ಟು ಎರಡು ದಿನ ಅಂಗಡಿಯ ನೆಲದ ಮೇಲೆ ಮಲಗಿದ್ದೆ. ಮೂರನೆಯ ದಿನ ಉಳಿದದ್ದನ್ನು ಓದಿದೆ. ಓದದೇ ಹೋಗಿದ್ದರೆ ಇಷ್ಟು ಹೊತ್ತಿಗೆ ಏನು ಮಾಡಿಕೊಳ್ಳುತ್ತಿದ್ದೆನೋ, ಅದನ್ನು ಬರೆಯುವುದು ಬೇಡ.

ಅವಳು ನನ್ನನ್ನು ಕೇಳಿದಳು ಎಂದು ಬರೆದೆಯಲ್ಲ, ಅದಕ್ಕೆ ನಾನು ಏಳು ಜನ್ಮ ನಿನಗೆ ಋಣಿ. ಮರೆತಿದ್ದಾಳೆ ಎಂದು ನೀನು ಹಿಂದೆ ಬರೆದದ್ದು ನನ್ನ ಮನಸ್ಸು ಉಳಿಸಲಿಕ್ಕೆ ಎಂದು ಈಗ ಅರ್ಥವಾಯಿತು. ನಾನು ಬರದ ಹಾಗೆ ನೋಡಿಕೊಂಡದ್ದೂ ಸರಿಯೇ. ಈ ಬಾಯಿಯ ಹತ್ತಿರ ಅವಳು ಇರಬಾರದಿತ್ತು.

ನೀನು ಹೇಳಿದಂತೆ ಯಾರನ್ನೂ ಏನೂ ವಿಚಾರಿಸುವುದಿಲ್ಲ. ವಿಚಾರಿಸಲು ಏನಿದೆ, ಮಾಡಿದವನಿಗೇ ಗೊತ್ತು. ಆದರೆ ಮುಚ್ಚಿಡುವುದಿಲ್ಲ ಎಂದು ತೀರ್ಮಾನ ಮಾಡಿದ್ದೇನೆ, ಆ ದಿನ ಮುಚ್ಚಿಟ್ಟದ್ದೇ ಸಾಕು. ಟ್ರಂಪೆಟ್ಟಿನವನಿಗೆ ಹೇಳಿದೆ. ಬೀದಿಯವರಿಗೆ ಹೇಳಿದೆ. "ನನ್ನ ಬಾಯಿಂದ ಮೊಮ್ಮಗಳು ಹೋದಳು, ಮಗಳು ನನ್ನನ್ನು ಕ್ಷಮಿಸಿದಳು." ಎರಡನ್ನೂ ಒಟ್ಟಿಗೇ ಹೇಳುತ್ತೇನೆ, ಇಲ್ಲದಿದ್ದರೆ ನಿನ್ನ ಮನಸ್ಸು ಎಷ್ಟು ದೊಡ್ಡದು ಎಂದು ಜನರಿಗೆ ತಿಳಿಯುವುದಿಲ್ಲ. ನಿನ್ನೆ ಎದುರು ಮನೆಯಾಕೆ ನನ್ನನ್ನು ಕಂಡು ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳ್ಳೆಯ ತಾಯಿ, ನಿನ್ನ ಹಾಗೆ.

ನೀನು ಚಿಕ್ಕಂದಿನಿಂದಲೂ ತಪ್ಪು ಕಂಡರೆ ಬಿಡುವವಳಲ್ಲ. ಅಂಥವಳು ನನ್ನನ್ನು ಬಿಟ್ಟೆ. ಇದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ನಿನ್ನ ಗಂಡನ ಸಿಟ್ಟನ್ನು ನೀನು ಒಬ್ಬಳೇ ಎದುರಿಸಬೇಕಾಗಿ ಬಂದರೆ ಎಲ್ಲ ತಪ್ಪೂ ನನ್ನದೇ ಎಂದು ಹೇಳು, ಬೇಕಾದರೆ ಈ ಕಾಗದವನ್ನೇ ತೋರಿಸು.

ಲಕೋಟೆಯನ್ನು ನೀರು ಹಚ್ಚಿ ಅಂಟಿಸುತ್ತೇನೆ, ನಾಲಿಗೆ ತಾಗಿಸುವುದಿಲ್ಲ. ಮನೆಯಲ್ಲಿ ಈಗ ಮಗುವಿಲ್ಲ ಎಂದು ಗೊತ್ತು, ಆದರೂ ಮನಸ್ಸು ಒಪ್ಪುವುದಿಲ್ಲ.

ಕೈ ಮುಗಿದು,
ನಿನ್ನ ಅಪ್ಪ